ಹದಿನೈದು ಸಲ ಸೂಜಿ ಚುಚ್ಚಿಸಿಕೊಂಡ ವಾರ್ಡಿನ ಬಗ್ಗೆ

ನಾನು ಕಲಬುರಗಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವವಳು. ಹನ್ನೊಂದು ವರ್ಷಗಳಿಂದ ಮನೆಯ ಮುಂದಿನ ಕೋಣೆಯೇ ಅಂಗಡಿ. ದಿನಕ್ಕೆ ಮುನ್ನೂರು ರೊಟ್ಟಿ, ಮದುವೆಯ ಕಾಲದಲ್ಲಿ ಅದರ ಎರಡರಷ್ಟು; ಜೊತೆಗೆ ಶೇಂಗಾ ಹಿಂಡಿ, ಪುಂಡಿ ಪಲ್ಯ, ಎಣ್ಣೆಗಾಯಿ. ಕಳೆದ ವರ್ಷ ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಯ ನಂತರ ಹದಿನಾರು ಕೀಮೋ ಬರೆದುಕೊಟ್ಟರು. ಅದರಲ್ಲಿ ಹದಿನೈದನ್ನು ನಮ್ಮ ಊರಿನಲ್ಲೇ, ಒಂದು ಆಸ್ಪತ್ರೆಯ ಡೇ ಕೇರ್ ವಾರ್ಡಿನಲ್ಲಿ, ಅಂದರೆ ಔಷಧ ಮುಗಿದ ದಿನವೇ ಮನೆಗೆ ಕಳಿಸುವ ವಾರ್ಡಿನಲ್ಲಿ ತೆಗೆದುಕೊಂಡೆ. ಈಗ ರೊಟ್ಟಿಗೆ ಬರುವ ಹೆಂಗಸರಲ್ಲಿ ಯಾರಾದರೊಬ್ಬರು ಕೊನೆಗೆ ಉಳಿದು, ಮೆಲ್ಲಗೆ, “ಅಕ್ಕಾ, ನೀವು ಎಲ್ಲಿ ತೋರಿಸಿದಿರಿ? ಅಲ್ಲಿ ಹೇಗಿದೆ?” ಎಂದು ಕೇಳುತ್ತಾರೆ. ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹೆಸರು ಇಲ್ಲಿ ಇಲ್ಲ. ನಾನು ಹೆಚ್ಚಾಗಿ ಹೇಳಲಿರುವುದು ಅಲ್ಲಿನ ಒಬ್ಬ ನರ್ಸ್ ಬಗ್ಗೆ. ಆಕೆ ತನ್ನ ಹೆಸರು ಎಲ್ಲಿಯೂ ಬರಬಾರದೆಂದು ಕೇಳಿಕೊಂಡಿದ್ದಾಳೆ. ಆಸ್ಪತ್ರೆಯ ಹೆಸರು ಬರೆದರೆ ಆಕೆ ಯಾರೆಂದು ತಿಳಿಯಲು ಒಂದು ನಿಮಿಷ ಸಾಕು.

ನಮ್ಮ ಕಡೆ ಕ್ಯಾನ್ಸರ್ ಎಂದ ಕೂಡಲೇ ಜನ ರೈಲಿನ ವೇಳೆ ನೋಡುತ್ತಾರೆ. ಸೊಲ್ಲಾಪುರ, ಬಾರ್ಶಿ, ಹೈದರಾಬಾದ್, ಬೆಂಗಳೂರು. ನಾವೂ ಹಾಗೆಯೇ ಹೋದೆವು. ಶಸ್ತ್ರಚಿಕಿತ್ಸೆ ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಯಿತು, ಚೆನ್ನಾಗಿಯೇ ಆಯಿತು, ಆ ಡಾಕ್ಟರರಿಗೆ ನಾನು ಋಣಿ. ಮೊದಲ ಕೀಮೋ ಕೂಡ ಅಲ್ಲಿಯೇ. ಕುರ್ಚಿ ಮೆತ್ತಗಿತ್ತು, ತಣ್ಣನೆಯ ಕೋಣೆ, ಗೋಡೆಗೆ ಟಿವಿ. ಮೂರೂವರೆ ಗಂಟೆಯಲ್ಲಿ ಎಲ್ಲ ಮುಗಿದು, ಕೈಗೆ ಒಂದು ಚೀಲ ಗುಳಿಗೆ ಮತ್ತು ಇಂಗ್ಲಿಷಿನ ಎರಡು ಹಾಳೆ ಕೊಟ್ಟು, “ಇಪ್ಪತ್ತೊಂದು ದಿನ ಬಿಟ್ಟು ಬನ್ನಿ” ಎಂದರು. ಆ ಇಪ್ಪತ್ತೊಂದು ದಿನ ಮನೆಯಲ್ಲಿ ಏನಾಗುತ್ತದೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಹತ್ತನೆಯ ದಿನ ಜ್ವರ ಬಂದಿತು. ಓಣಿಯ ಮೆಡಿಕಲ್ ಅಂಗಡಿಯಿಂದ ಯಜಮಾನರು ಪ್ಯಾರಾಸಿಟಮಾಲ್ ತಂದರು. ನುಂಗಿದರೆ ಇಳಿಯುವುದು, ನಾಲ್ಕು ತಾಸು ಕಳೆದರೆ ಮತ್ತೆ ಏರುವುದು. ಹಾಳೆಯ ಮೇಲಿದ್ದ ನಂಬರಿಗೆ ಯಜಮಾನರು ಎಷ್ಟು ಸಲ ಫೋನ್ ಮಾಡಿದರೋ, ಯಾರೂ ಎತ್ತಲಿಲ್ಲ. ಎರಡು ದಿನ ಹೀಗೇ ಕಳೆದು ಮೂರನೆಯ ರಾತ್ರಿ ಹಲ್ಲು ಕಟಕಟ ಎನ್ನುವ ಚಳಿ ಹತ್ತಿತು. ಆಟೋದಲ್ಲಿ ಹಾಕಿಕೊಂಡು ಊರಿನ ಈ ಆಸ್ಪತ್ರೆಗೆ ತಂದರು. “ಕೀಮೋ ಆಗಿದೆ” ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ತಡ, ರಕ್ತದ ವರದಿ ಬರುವುದನ್ನೂ ಕಾಯದೆ ಆ್ಯಂಟಿಬಯಾಟಿಕ್ ಸಲೈನ್ ಹಚ್ಚಿದರು. ಬೆಳಗ್ಗೆ ವರದಿ ಬಂದಾಗ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 300ಕ್ಕೆ ಇಳಿದಿತ್ತು. ಮುಂದಿನ ಕೀಮೋ ಕೊಡಬೇಕಾದರೆ ಅದು 1500ರ ಆಸುಪಾಸಿನಲ್ಲಾದರೂ ಇರಬೇಕಂತೆ. “ಈ ಜ್ವರಕ್ಕೆ ಬೆಳಗಾಗುವ ತನಕ ಕಾಯಬಾರದಮ್ಮಾ, ಗಂಟೆಯ ಒಳಗೆ ಬರಬೇಕು” ಎಂದು ಡಾಕ್ಟರು ಹೇಳಿದಾಗ ಯಜಮಾನರು ತಲೆ ತಗ್ಗಿಸಿ ನಿಂತದ್ದನ್ನು ನಾನು ಮರೆತಿಲ್ಲ. ತಪ್ಪು ಅವರದಾಗಿರಲಿಲ್ಲ.

ಆರು ದಿನ ಅಲ್ಲಿದ್ದೆ. ನಾಲ್ಕನೆಯ ದಿನ ಕೆಳಗಿನ ಡೇ ಕೇರ್ ವಾರ್ಡಿನಿಂದ ಆ ನರ್ಸ್ ಮೇಲೆ ಬಂದಳು. ನಾನು ಆಕೆಯನ್ನು ತಂಗಿ ಎಂದೇ ಕರೆಯುತ್ತೇನೆ. ಕೈಯಲ್ಲಿ ಶಾಲೆಯ ಮಕ್ಕಳ ನೂರು ಪುಟದ ನೋಟ್‌ಬುಕ್. ಮಂಚದ ಅಂಚಿನಲ್ಲಿ ಕುಳಿತು ಇಪ್ಪತ್ತೊಂದು ಗೆರೆ ಎಳೆದಳು. ಒಂದರಿಂದ ನಾಲ್ಕನೆಯ ದಿನ ವಾಂತಿಯ ಕಾಲ. ಏಳರಿಂದ ಹದಿನಾಲ್ಕು ಬಿಳಿ ಕಣ ಇಳಿಯುವ ಕಾಲ. ಬಾಯಿ ಹುಣ್ಣು, ಜ್ವರ ಎರಡೂ ಆಗಲೇ ಬರುವುದು. ಹದಿನೈದರ ನಂತರ ಮೈ ಚೇತರಿಸಿಕೊಳ್ಳುವ ಕಾಲ. “ಅಕ್ಕಾ, ಇಲ್ಲಿ ರೊಟ್ಟಿ ಬಡಿಯಬಹುದು” ಎಂದು ಆ ಕೊನೆಯ ವಾರದ ಮುಂದೆ ಕನ್ನಡದಲ್ಲಿ ‘ರೊಟ್ಟಿ ವಾರ’ ಎಂದೇ ಬರೆದಳು. ಡಿಜಿಟಲ್ ಥರ್ಮಾಮೀಟರ್ ತರಿಸಿ, ಬೆಳಗ್ಗೆ ಸಂಜೆ ನೋಡಿ ಬರೆಯಲು ಹೇಳಿದಳು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಗುಳಿಗೆ ನುಂಗದೆ ನೇರವಾಗಿ ಆಸ್ಪತ್ರೆಗೆ ಬರಬೇಕು. ಮೈಕೈ ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳುವ ಮೊದಲು ಕೂಡ ಜ್ವರ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಗುಳಿಗೆ ಜ್ವರವನ್ನು ಮುಚ್ಚಿಬಿಡುತ್ತದೆ. ನಾನು ಮಾಡಿದ್ದು ಅದೇ ಆಗಿತ್ತು.

ಅಂದೇ ನಿರ್ಧರಿಸಿದೆ, ಉಳಿದದ್ದೆಲ್ಲ ಇಲ್ಲಿಯೇ. ಔಷಧ ಎಲ್ಲಿ ಹೋದರೂ ಒಂದೇ. ಆ ದೊಡ್ಡ ಊರಿನಲ್ಲಿ ಬರೆದುಕೊಟ್ಟ ಚೀಟಿಯನ್ನೇ ಇಲ್ಲಿನ ಡಾಕ್ಟರು ಮುಂದುವರಿಸಿದರು: ಮೂರು ವಾರಕ್ಕೊಮ್ಮೆ ಡಾಕ್ಸೋರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ನಾಲ್ಕು ಸಲ, ಅದಾದ ಮೇಲೆ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಹನ್ನೆರಡು ಸಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಇದೆ. ಕೀಮೋ ಖರ್ಚು ಅದರಲ್ಲೇ ಹೋಯಿತು.

ಆ ಡಾಕ್ಸೋರುಬಿಸಿನ್ ಬಣ್ಣ ಕೆಂಪು, ರೂಹ್ ಅಫ್ಜಾ ಬೆರೆಸಿದ ನೀರಿನ ಹಾಗೆ. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತದೆ. ತಂಗಿ ಅದನ್ನು ನೇತುಹಾಕಿ ಹೋಗುತ್ತಿರಲಿಲ್ಲ, ಸ್ಟೂಲ್ ಎಳೆದು ಕುಳಿತು, ಸಲೈನ್ ಹರಿಯುತ್ತಿರುವಾಗಲೇ ದೊಡ್ಡ ಸಿರಿಂಜಿನಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತ, ನಡುನಡುವೆ ನಿಲ್ಲಿಸಿ, “ಉರಿ ಇದೆಯೇ ಅಕ್ಕಾ? ಚುರುಕು?” ಎಂದು ಕೇಳುತ್ತಿದ್ದಳು. ಎಡಗಡೆ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಆ ಕೈಗೆ ಸೂಜಿ ಚುಚ್ಚುವ ಹಾಗಿಲ್ಲ. ಇರುವುದು ಬಲಗೈ ಒಂದೇ, ಅದೇ ರೊಟ್ಟಿ ಬಡಿಯುವ ಕೈ. ಒಂದು ಸಲ ನರ ಸಿಗದೆ ಎರಡು ಕಡೆ ಚುಚ್ಚಿ ನೋಡಿದವಳು, ಮೂರನೆಯದಕ್ಕೆ ತಾನು ಕೈ ಹಾಕದೆ ಮೇಲಿನ ಹಿರಿಯ ಸಿಸ್ಟರ್ ಅವರನ್ನು ಕರೆಸಿದಳು. ಗೊತ್ತಾಗದಿದ್ದಾಗ ಇನ್ನೊಬ್ಬರನ್ನು ಕರೆಯುವವರ ಮೇಲೆ ನನಗೆ ಹೆಚ್ಚು ನಂಬಿಕೆ. ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ, ಔಷಧದ ಬಣ್ಣ ಎಂದು ಮೊದಲೇ ಹೇಳಿದ್ದಳು. ದೂರದ ಆಸ್ಪತ್ರೆಯ ಮೊದಲ ಕೀಮೋ ಆದಾಗ ಯಾರೂ ಹೇಳದೆ, ಅದನ್ನು ನೋಡಿ ನಾನು ಬಚ್ಚಲಿನಲ್ಲಿ ಕುಸಿದು ಕುಳಿತಿದ್ದೆ.

ವಾಂತಿಯ ವಿಷಯ ಸ್ವಲ್ಪ ಉದ್ದವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಹೆದರುವುದು ಅದಕ್ಕೇ. ಕೀಮೋಗೆ ಮೊದಲೇ ಅಪ್ರೆಪಿಟೆಂಟ್ ಎಂಬ ಗುಳಿಗೆ, ಅದರ ಚಿಕ್ಕ ಡೋಸು ಮರುದಿನ, ಮೂರನೆಯ ದಿನ. ಒಂಡಾನ್ಸೆಟ್ರಾನ್ ಮತ್ತು ಡೆಕ್ಸಾಮೆಥಾಸೋನ್ ಸೂಜಿಯಲ್ಲಿ. ರಾತ್ರಿ ಮಲಗುವಾಗ ಓಲಾಂಜಪಿನ್ ಎಂಬ ಪುಟ್ಟ ಗುಳಿಗೆ, ನಾಲ್ಕು ದಿನ. ಈ ಕೊನೆಯದನ್ನು ನೋಡಿದ ನನ್ನ ಅಕ್ಕನ ಮಗ ಮೊಬೈಲಿನಲ್ಲಿ ಹುಡುಕಿ, “ಚಿಕ್ಕಮ್ಮಾ, ಇದು ಮಾನಸಿಕ ಕಾಯಿಲೆಯ ಗುಳಿಗೆ” ಎಂದುಬಿಟ್ಟ. ಮನೆಯಲ್ಲಿ ಎಲ್ಲರ ಮುಖ ಸಣ್ಣದಾಯಿತು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದೆ. ಎರಡನೆಯ ಕೀಮೋ ಮುಗಿದ ಮೇಲೆ ಮೂರು ದಿನ ಹೊಟ್ಟೆಯಲ್ಲಿ ಗಂಜಿ ನೀರೂ ನಿಲ್ಲಲಿಲ್ಲ. ಒಗ್ಗರಣೆಯ ವಾಸನೆ ಬಂದರೆ ಸಾಕು, ಕರುಳು ಕಿತ್ತು ಬರುತ್ತಿತ್ತು, ಒಗ್ಗರಣೆಯೇ ನನ್ನ ಕಸುಬು. ಮುಂದಿನ ಸಲ ತಂಗಿ ನೋಟ್‌ಬುಕ್ ನೋಡಿ, ಗುಳಿಗೆ ಬಿಟ್ಟದ್ದನ್ನು ನನ್ನ ಬಾಯಿಂದಲೇ ಹೊರಡಿಸಿ, ಬೈಯಲಿಲ್ಲ. ಆ ಔಷಧವನ್ನು ಮಾನಸಿಕ ಕಾಯಿಲೆಗೂ ಕೊಡುತ್ತಾರೆ ನಿಜ, ಆದರೆ ಮಿದುಳಿನಲ್ಲಿ ವಾಂತಿ ಹುಟ್ಟಿಸುವ ಜಾಗಕ್ಕೂ ಅದು ಕೆಲಸ ಮಾಡುತ್ತದೆ, ಅದಕ್ಕಾಗಿಯೇ ಈ ನಾಲ್ಕು ರಾತ್ರಿ ಎಂದು ಹುಡುಗನನ್ನೂ ಕರೆದು ಕೂರಿಸಿ ಹೇಳಿದಳು. ನಿದ್ದೆ ಜಾಸ್ತಿ ಬರುತ್ತದೆ, ರಾತ್ರಿ ಎದ್ದಾಗ ಗೋಡೆ ಹಿಡಿದು ನಡೆಯಿರಿ ಎಂದೂ ಎಚ್ಚರಿಸಿದಳು. ಮೂರನೆಯ, ನಾಲ್ಕನೆಯ ಸಲ ವಾಕರಿಕೆ ಬಂದರೂ ಒಮ್ಮೆಯೂ ವಾಂತಿ ಆಗಲಿಲ್ಲ. ಇದನ್ನು ಓದುವವರಿಗೆ ಕೈಮುಗಿದು ಹೇಳುತ್ತೇನೆ, ಮೊಬೈಲ್ ನೋಡಿ ಗುಳಿಗೆ ಬಿಡಬೇಡಿ. ಅನುಮಾನ ಬಂದರೆ ಬರೆದುಕೊಟ್ಟವರನ್ನೇ ಕೇಳಿ.

ವಾಂತಿಯ ಔಷಧದಿಂದ ಮಲಬದ್ಧತೆ ಬರುತ್ತದೆ, ಅದಕ್ಕೆ ಲ್ಯಾಕ್ಟುಲೋಸ್ ಸಿರಪ್ ಕೊಟ್ಟರು. ಬಾಯಿ ಹುಣ್ಣಿಗೆ ಒಂದು ಲೋಟ ಉಗುರು ಬೆಚ್ಚನೆಯ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಬೇಕು. ಖಾರ ಪೂರ್ತಿ ಬಂದ್. ಶೇಂಗಾ ಹಿಂಡಿಯ ಊರಿನವಳಿಗೆ ಎಂಟು ದಿನ ಖಾರವಿಲ್ಲದ ಊಟ! ಜೋಳದ ನುಚ್ಚಿಗೆ ಮನೆಯ ಮೊಸರು, ತೊಗರಿ ಬೇಳೆಯ ಕಟ್ಟು ತಣ್ಣಗೆ ಮಾಡಿ, ಬೇಯಿಸಿದ ಮೊಟ್ಟೆ. ರೊಟ್ಟಿ ಜೊತೆ ತಿನ್ನುವ ಹಸಿ ಮೆಂತ್ಯೆ ಸೊಪ್ಪು, ಹಸಿ ಈರುಳ್ಳಿಯನ್ನು ಆ ಎಂಟು ದಿನ ಬಿಡಲು ಹೇಳಿದರು, ಹೊರಗೆ ಕತ್ತರಿಸಿಟ್ಟ ಕಲ್ಲಂಗಡಿಯನ್ನೂ. ಬಾಯಿಯ ರುಚಿಯಂತೂ ಹೋಗಿಯೇ ಹೋಯಿತು. ಏನು ತಿಂದರೂ ಹಿತ್ತಾಳೆ ಚಮಚ ನೆಕ್ಕಿದ ಹಾಗೆ. ಪಲ್ಯಕ್ಕೆ ನಾನು ಹಾಕಿದ ಉಪ್ಪು ಎರಡು ಸಲ ಹೆಚ್ಚಾಗಿ, ಹಳೆಯ ಗಿರಾಕಿಗಳು ನನ್ನ ಮುಖ ನೋಡಿ ಸುಮ್ಮನೆ ತಿಂದು ಹೋದರು. ಮಗಳು ಗಮನಿಸಿ ಅಂದಿನಿಂದ ಉಪ್ಪಿನ ಡಬ್ಬಿಯನ್ನು ತಾನೇ ಇಟ್ಟುಕೊಂಡಳು.

ಕೂದಲು ಎರಡು-ಮೂರು ವಾರದೊಳಗೆ ಉದುರುತ್ತದೆ ಎಂದು ಗೊತ್ತಾದ ಮೇಲೆ ಜ್ವರ ಇಳಿದು ಮನೆಗೆ ಬಂದ ಕೂಡಲೇ ಬೋಳಿಸಿಕೊಂಡೆ. ಅಳು ಬಂದಿತು, ಇಲ್ಲವೆನ್ನುವುದಿಲ್ಲ. ಆದರೆ ಹಿಟ್ಟಿನಲ್ಲಿ ಒಂದು ಕೂದಲು ಸಿಕ್ಕರೂ ಹನ್ನೊಂದು ವರ್ಷದ ಅಂಗಡಿಯ ಹೆಸರು ಹೋಗುತ್ತದೆ. ತಲೆಯ ಮೇಲೆ ಸೆರಗು ನಮ್ಮ ಕಡೆ ಹೇಗೂ ಇದ್ದದ್ದೇ.

ಎರಡನೆಯ ಕೀಮೋದಿಂದ ಒಂದು ಹೊಸ ಸೂಜಿ ಸೇರಿತು, ಪೆಗ್‌ಫಿಲ್‌ಗ್ರಾಸ್ಟಿಮ್. ಕೀಮೋ ಮುಗಿದು ಒಂದು ದಿನ ಪೂರ್ತಿ ಕಳೆದ ಮೇಲೆ ಹಾಕಬೇಕು. ಬಿಳಿ ಕಣ ಬೇಗ ಬೆಳೆಯಲೆಂದು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆಯಿಂದ ಮನೆಗೆ ಆಟೋದಲ್ಲಿ ತರುವಾಗ ಅದಕ್ಕೊಂದು ಐಸ್ ಚೀಲ, ಮೇಲೆ ಒದ್ದೆ ಟವೆಲ್; ನನಗಿಂತ ಅದಕ್ಕೇ ಹೆಚ್ಚು ಉಪಚಾರ ನಡೆಯಿತು. ಹಾಕಿಸಿಕೊಂಡ ಮೂರನೆಯ ದಿನ ಸೊಂಟದ ಮೂಳೆಯೊಳಗೆ ಒನಕೆ ಕುಟ್ಟಿದಂಥ ನೋವು. ಮೂಳೆಯ ಒಳಗೆ ಕಣಗಳು ತಯಾರಾಗುವ ನೋವು ಅದು ಎಂದು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಜ್ವರ ಮತ್ತೆ ಬರಲಿಲ್ಲ.

ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದದ್ದು ಮೇ ತಿಂಗಳಲ್ಲಿ. ಇದು ಮೊದಲು ಅಮೆರಿಕದ ಒಂದು ಮರದ ತೊಗಟೆಯಿಂದ ಸಿಕ್ಕಿತ್ತಂತೆ. ಕೆಂಪು ಔಷಧ ಮಣ್ಣಿನ ಸೂಕ್ಷ್ಮಾಣುವಿನಿಂದ. ಬಿ.ಎಸ್ಸಿ. ಓದುತ್ತಿರುವ ಮಗಳು ಹೇಳಿದಳು. ಮಣ್ಣು, ಮರ ಎಂದು ಕೇಳಿದ ಮೇಲೆ ನನಗೆ ಯಾಕೋ ಭಯ ಸ್ವಲ್ಪ ಕಡಿಮೆಯಾಯಿತು. ಮೊದಲ ಸಲ ಈ ಔಷಧ ಕೆಲವರಿಗೆ ಒಗ್ಗದೆ ಉಸಿರು ಕಟ್ಟುತ್ತದೆ, ಆದ್ದರಿಂದ ಮೊದಲೇ ಅಲರ್ಜಿ ತಡೆಯುವ ಸೂಜಿಗಳನ್ನು ಕೊಟ್ಟು, ಆರಂಭದ ಹದಿನೈದು ನಿಮಿಷ ತಂಗಿ ನನ್ನ ಪಕ್ಕದಿಂದ ಕದಲಲಿಲ್ಲ. ವಾಂತಿ ಇಲ್ಲ, ಬಾಯಿ ಹುಣ್ಣಿಲ್ಲ. ಸುಖವೇ ಎಂದುಕೊಂಡೆ. ಏಳನೆಯ ವಾರದ ಹೊತ್ತಿಗೆ ಬೆರಳ ತುದಿಗಳು ಜೋಮು ಹಿಡಿಯಲು ತೊಡಗಿದವು. ರೊಟ್ಟಿ ಬಡಿಯುವಾಗ ಹಿಟ್ಟು ತೆಳ್ಳಗಾದದ್ದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ನನ್ನ ಬೆರಳಿಗೆ ತಿಳಿಯುವುದು ನಿಂತಿತು. ರೊಟ್ಟಿ ಅಂಚಿನಲ್ಲಿ ದಪ್ಪ, ನಡುವೆ ಹರಿದು ಬೀಳುವುದು. ಒಂದು ಬೆಳಗ್ಗೆ ಸುಟ್ಟ ವಾಸನೆ ಬಂದು ನೋಡಿದರೆ ಹಂಚಿನ ಅಂಚಿಗೆ ತಾಗಿದ್ದು ನನ್ನದೇ ಬೆರಳು. ನೋವೇ ಆಗಿರಲಿಲ್ಲ.

ಇದನ್ನು ಹೇಳಲು ನಾನು ಹಿಂಜರಿದೆ. ಹೇಳಿದರೆ ಔಷಧ ನಿಲ್ಲಿಸುತ್ತಾರೆ, ನಿಲ್ಲಿಸಿದರೆ ರೋಗ ಮರಳುತ್ತದೆ ಎಂಬ ಹೆದರಿಕೆ. ತಂಗಿ ಸೂಜಿ ಚುಚ್ಚುವಾಗ ಸುಟ್ಟ ಗಾಯ ನೋಡಿ, ಅಲ್ಲಿಯೇ ಡಾಕ್ಟರರನ್ನು ಕರೆದಳು. ಡಾಕ್ಟರು ಕುಪ್ಪಸದ ಗುಂಡಿ ಹಾಕಿ ತೋರಿಸಲು ಹೇಳಿದರು, ಕಣ್ಣು ಮುಚ್ಚಿಸಿ ಬೆರಳು ಮುಟ್ಟಿ ನೋಡಿದರು. ಒಂದು ವಾರ ಬಿಡುವು ಕೊಟ್ಟು, ಉಳಿದವುಗಳ ಡೋಸು ಸ್ವಲ್ಪ ಇಳಿಸಿದರು. “ನಿಮ್ಮ ಕೈ ಉಳಿಯುವುದೂ ಚಿಕಿತ್ಸೆಯೇ” ಎಂದರು. ಔಷಧ ಹೋಗುವಾಗ ಕೈಗೆ ತಂಪು ಹಿಡಿದರೆ ಕೆಲವರಿಗೆ ಜೋಮು ಕಡಿಮೆಯಾಗುತ್ತದೆ, ಎಲ್ಲರಿಗೂ ಆಗುತ್ತದೆಂದು ಹೇಳಲಾಗದು ಎಂದೂ ತಿಳಿಸಿದರು. ಮನೆಯಿಂದ ಐಸ್ ಚೀಲಗಳನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯತೊಡಗಿದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಆಪಾ ಕೂರುತ್ತಿದ್ದರು. ದರ್ಗಾದ ಕಡೆಯವರು ಅವರು, ದೊಡ್ಡ ಕರುಳಿನ ಕ್ಯಾನ್ಸರ್. ಮನೆಯಲ್ಲಿ ನುಂಗುವ ಕ್ಯಾಪೆಸಿಟಾಬಿನ್ ಗುಳಿಗೆಯಿಂದ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಬಿಸಿನೀರು ಬೇಡ, ಬರಿಗಾಲು ಬೇಡ, ಯೂರಿಯಾ ಇರುವ ಕ್ರೀಮ್ ಹಚ್ಚಿ ಎಂದು ಅವರಿಗೂ ಒಂದು ನೋಟ್‌ಬುಕ್ ಇತ್ತು, ಉರ್ದುವಿನಲ್ಲಿ. ತಂಗಿಗೆ ಉರ್ದು ಬರೆಯಲು ಬಾರದು. ಆಪಾ ಅವರ ಮಗನಿಂದ ಬರೆಯಿಸಿ, ಮತ್ತೆ ಓದಿಸಿ ಕೇಳಿದ್ದಳು.

ಇನ್ನು ಕುಂದುಕೊರತೆ. ಕುರ್ಚಿಗಳು ಹತ್ತು, ಬರುವವರು ಹೆಚ್ಚು; ಹನ್ನೊಂದು ಗಂಟೆಯ ನಂತರ ಹೋದರೆ ಬೆಂಚಿನ ಮೇಲೆ ಕಾಯಬೇಕು. ಆಳಂದ, ಚಿಂಚೋಳಿ ಕಡೆಯಿಂದ ಬೆಳಗಿನ ಬಸ್ ಹಿಡಿದು ಬಂದವರಿಗೆ ಇದು ದೊಡ್ಡ ಕಷ್ಟ. ರಕ್ತದ ವರದಿ ತಡವಾಗಿ ನಾನು ಎರಡು ಸಲ ಮಧ್ಯಾಹ್ನದ ತನಕ ಸುಮ್ಮನೆ ಕುಳಿತೆ. ಹಿಂದಿನ ದಿನವೇ ರಕ್ತ ಕೊಟ್ಟುಬಿಡಿ. ಬೇಸಿಗೆಯಲ್ಲಿ ಎರಡು ಫ್ಯಾನ್ ಸಾಲುವುದಿಲ್ಲ. ಶೌಚಾಲಯ ವಾರ್ಡಿನ ಹೊರಗಿದೆ, ಸಲೈನ್ ಸ್ಟ್ಯಾಂಡಿನ ಚಕ್ರ ತಿರುಗುವುದಿಲ್ಲ, ಅದನ್ನು ಎತ್ತಿಕೊಂಡೇ ಹೋಗಬೇಕು. ಅಪ್ರೆಪಿಟೆಂಟ್ ಎರಡು ಸಲ ಒಳಗಿನ ಔಷಧಾಲಯದಲ್ಲಿ ಇರಲಿಲ್ಲ, ಹೊರಗೆ ಕೈಯಿಂದ ಹಣ ಕೊಟ್ಟು ತಂದೆವು. ಮೂರು ಅಂಗಡಿಯಲ್ಲಿ ಮೂರು ಬೆಲೆ ಇತ್ತು, ಆದ್ದರಿಂದ ಕೇಳಿ ನೋಡಿ ಕೊಳ್ಳಿ. ನರಗಳು ಹಾಳಾಗದಂತೆ ಎದೆಯ ಬಳಿ ಚರ್ಮದ ಕೆಳಗೆ ಕೂರಿಸುವ ಪೋರ್ಟ್ ಎಂಬ ಸಾಧನ ಇದೆಯೆಂದು ನನಗೆ ತಿಳಿದದ್ದು ಹತ್ತನೆಯ ಸೂಜಿಯ ನಂತರ. ಮೊದಲೇ ಹೇಳಬೇಕಾಗಿತ್ತು. ಬಲ ಮುಂಗೈಯ ನರ ಇಂದಿಗೂ ಕಪ್ಪಾಗಿ, ಹಗ್ಗದ ಹಾಗೆ ಗಟ್ಟಿಯಾಗಿದೆ.

ಇವೆಲ್ಲಕ್ಕಿಂತ ನನಗೆ ಸಿಟ್ಟು ಬರಿಸಿದ್ದು ಗೋಡೆಯ ಬೋರ್ಡುಗಳು. ಜ್ವರ ಬಂದರೆ ತಕ್ಷಣ ಬನ್ನಿ, ಕೀಮೋ ಆದ ಎರಡು ದಿನ ಶೌಚಾಲಯದ ಮುಚ್ಚಳ ಮುಚ್ಚಿ ಎರಡು ಸಲ ನೀರು ಬಿಡಿ, ವಾಂತಿ ಒರೆಸುವವರು ಕೈಗವಸು ಹಾಕಿಕೊಳ್ಳಿ: ಜೀವ ಉಳಿಸುವ ಮಾತುಗಳೆಲ್ಲ ಇಂಗ್ಲಿಷಿನಲ್ಲಿವೆ. ಆ ಕುರ್ಚಿಗಳಲ್ಲಿ ಕುಳಿತವರು ಕನ್ನಡ, ಉರ್ದು, ಅಲ್ಪಸ್ವಲ್ಪ ತೆಲುಗು, ಮರಾಠಿ ಬಲ್ಲವರು. ತಂಗಿಯ ನೋಟ್‌ಬುಕ್ ಆಕೆಯ ಸ್ವಂತ ಖರ್ಚಿನದು. ಆಕೆ ರಜೆ ಇದ್ದ ದಿನ ಹೊಸದಾಗಿ ಬಂದವರಿಗೆ ಯಾವ ನೋಟ್‌ಬುಕ್ಕೂ ಸಿಗಲಿಲ್ಲ, ನಾನೇ ಕಣ್ಣಾರೆ ನೋಡಿದೆ. ಅಂದು ಶಹಾಪುರದ ಕಡೆಯ ಒಬ್ಬ ಹುಡುಗಿಗೆ ನನ್ನ ನೋಟ್‌ಬುಕ್ಕಿನ ಮೊದಲ ನಾಲ್ಕು ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆಯಲು ಕೊಟ್ಟೆ. ರಾತ್ರಿ ಎಂಟರ ನಂತರ ವಾರ್ಡಿನ ಫೋನೂ ಇಲ್ಲ. ತುರ್ತು ವಿಭಾಗಕ್ಕೇ ಹೋಗಬೇಕು. ಹೋದರೆ ನೋಡುತ್ತಾರೆ, ಅದು ನನ್ನ ಅನುಭವ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೆತ್ತನೆಯ ಕುರ್ಚಿಗೆ ಅಂಕ ಕೊಡುವ ಕಾಲ ನನ್ನ ಪಾಲಿಗೆ ಮುಗಿದಿದೆ. ಯಾವ ಆಸ್ಪತ್ರೆಗೆ ಹೋದರೂ ಮೊದಲ ದಿನವೇ ಕೇಳಿ: ಮಧ್ಯರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಬರಬೇಕು? ಉತ್ತರ ಸಿಗುವ ತನಕ ಕುರ್ಚಿಯ ಮೇಲೆ ಕೂರಬೇಡಿ.

ರೋಗ ಮರಳದಿರಲೆಂದು ಈಗ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಗುಳಿಗೆ ನಡೆಯುತ್ತಿದೆ. ರುಚಿ ಮರಳಿದೆ, ಉಪ್ಪಿನ ಡಬ್ಬಿ ನನ್ನ ಕೈಗೆ ಬಂದಿದೆ. ಬಲಗೈಯ ಎರಡು ಬೆರಳು ಇನ್ನೂ ಮಂದ. ಹಂಚಿನ ಕಾವನ್ನು ಮಗಳೇ ನೋಡಿ ಹೇಳುತ್ತಾಳೆ, ದಿನಕ್ಕೆ ನೂರೈವತ್ತು ರೊಟ್ಟಿ ಆಗುತ್ತಿವೆ. ಬೋರ್ಡುಗಳ ಬಗ್ಗೆ ಆಸ್ಪತ್ರೆಯ ದೂರು ಪುಸ್ತಕದಲ್ಲಿ ಒಂದು ಪುಟ ಬರೆದು, ಕೆಳಗೆ ಆಪಾ ಅವರ ಸಹಿಯನ್ನೂ ಹಾಕಿಸಿದ್ದೇನೆ. ಮುಂದಿನ ತಿಂಗಳು ಡಾಕ್ಟರರಿಗೆ ತೋರಿಸಲು ಹೋಗಬೇಕು, ಅಂದು ಮೊದಲು ಆ ಗೋಡೆಯನ್ನೇ ನೋಡುತ್ತೇನೆ.